ಅರವತ್ತನೆಯ ಸಾಲು

"ನೌಕಾ ನನ್ನ ಮಗಳು ಕೆಡಿಸ್ಯಾಳಂತ, ಅಕ್ಕೋರ! ಚಂದ್ರನ ಮ್ಯಾಲೆ ಇಳಿಯೂ ನೌಕಾ!"

ರೇಡಿಯೋ ರಿಪೇರಿಯ ದಸ್ತಗೀರಸಾಬ ಯಮುನಾಬಾಯಿಯವರ ಪಡಸಾಲೆಗೆ ಚಪ್ಪಲಿ ಬಿಡುವುದನ್ನೂ ಮರೆತು ನುಗ್ಗಿದ್ದ. ಗಣಿತ ಕಲಿಸಿ ನಿವೃತ್ತರಾದ ಯಮುನಾಬಾಯಿ ಸವಣೂರಿನ ಎಷ್ಟೋ ಕಗ್ಗಂಟುಗಳನ್ನು ಬಿಡಿಸಿದ್ದರು. ಆಗೆಲ್ಲ ಜೊತೆಗೆ ಓಡಾಡಿದವನು ಅವನೇ. ಈ ಸಲ ಕಗ್ಗಂಟು ಅವನ ಮನೆಗೇ ಬಂದಿತ್ತು.

ಅದು 1986. ಹೈಸ್ಕೂಲಿಗೆ ಹೊಸದಾಗಿ ಬಂದ ಕಂಪ್ಯೂಟರಿನಲ್ಲಿ ವಿಜ್ಞಾನದ ಮಾಸ್ತರ ಮಧ್ವೇಶ ಮತ್ತು ದಸ್ತಗೀರಸಾಬನ ಮಗಳು, ಹತ್ತನೆಯ ತರಗತಿಯ ಮುನವ್ವರಾ ಸೇರಿ ಚಂದ್ರನ ಮೇಲೆ ನೌಕೆ ಇಳಿಸುವ ಆಟ ಬರೆದಿದ್ದರು. ಶನಿವಾರ ಅದು ಮೆತ್ತಗೆ ಇಳಿಯಿತು. ಸೋಮವಾರ ಅವೇ ಅಂಕಿಗಳನ್ನು ಒತ್ತಿದರೂ ಅಪ್ಪಳಿಸಿತು. ಬುಧವಾರ ಹಿರೇಕೆರೂರಿನಲ್ಲಿ ವಿಜ್ಞಾನ ಪ್ರದರ್ಶನ. ಕೋಣೆಯ ಕೀಲಿ ಅವರಿಬ್ಬರ ಬಳಿಯೂ ಹೆಡ್ಮಾಸ್ತರ ಪರಮೇಶ್ವರಪ್ಪನವರ ಬಳಿಯೂ ಇತ್ತು. ಆದರೂ ಈ ದಿನ, ಮಂಗಳವಾರದ ಪ್ರಾರ್ಥನೆಯಲ್ಲಿ, ಹೆಡ್ಮಾಸ್ತರರು ಮುನವ್ವರಾಳೇ ಕೆಡಿಸಿದಳೆಂದು ಹೆಸರು ಕರೆದು, ಎಲ್ಲರೆದುರು ಅವಳನ್ನು ತಂಡದಿಂದ ತೆಗೆದಿದ್ದರು.

ಯಮುನಾಬಾಯಿ ಅಪ್ಪ-ಮಗಳನ್ನು ಕರೆದುಕೊಂಡು ಶಾಲೆಗೆ ಹೋದಾಗ ಮಧ್ವೇಶ ತಲೆ ಚಚ್ಚಿಕೊಳ್ಳುತ್ತಿದ್ದ. "ಇಂಧನ ಎಂಟುನೂರಿತ್ತು, ಸಾವಿರ ಮಾಡಿದೆ. ಇನ್ನೂ ಜೋರ ಬಿತ್ತು. ಹದಿನೈದುನೂರು ಮಾಡಿದ್ರ ಕಲ್ಲು ಬಿದ್ದಂಗ ಬಿತ್ತರಿ!"

"ಮತ್ತೊಮ್ಮೆ ನಡಸು," ಎಂದರು ಯಮುನಾಬಾಯಿ.

ಐದು ಸಲ ನಡೆಸಿದರು. ಎಂಜಿನ್ ಉರಿದಾಗಲೆಲ್ಲ ಪರದೆಯ ಮೇಲೆ ಎತ್ತರ, ವೇಗ, ಇಂಧನ, ತೂಕ ಮೂಡುತ್ತಿದ್ದವು. ಅವುಗಳ ಕೆಳಗೆ ಇಂಗ್ಲಿಷಿನಲ್ಲಿ ಹೆಡ್ಮಾಸ್ತರರ ಹೆಸರು. ಇಂಧನ ಇಳಿಯುತ್ತಿತ್ತು, ತೂಕ ಮಾತ್ರ ಕದಲುತ್ತಿರಲಿಲ್ಲ. ಐದನೆಯ ಸಲ ಅಪ್ಪಳಿಸಿದಾಗ ದಸ್ತಗೀರಸಾಬನಿಗೆ ಪರದೆಯನ್ನೇ ಒಡೆಯುವಷ್ಟು ರೇಗಿತು.

"ಈ ಹೆಸರು ಯಾರು ಹಾಕಿದ್ರಿ?" ಎಂದು ಕೇಳಿದರು ಯಮುನಾಬಾಯಿ.

"ಮುನವ್ವರಾ ಹಾಕ್ಯಾಳಂತ ಸುಮ್ಮನಿದ್ದೆ," ಎಂದ ಮಧ್ವೇಶ.

"ನಾ ಸರ್ ಹಾಕ್ಯಾರ ಅಂದ್ಕೊಂಡಿದ್ದೆ," ಎಂದಳು ಅವಳು.

ಯಮುನಾಬಾಯಿ ಹೊರಗೆ ಹೋಗಿ ಹೆಡ್ಮಾಸ್ತರರ ಬಾಗಿಲ ಮೇಲಿನ ಇಂಗ್ಲಿಷ್ ಹಲಗೆ ಓದಿದರು. ಪ್ರದರ್ಶನಕ್ಕೆ ಅವರು ಸಹಿ ಮಾಡಿದ್ದ ಪತ್ರವನ್ನೂ, ಮಧ್ವೇಶ ಮತ್ತು ಮುನವ್ವರಾ ಆಟದ ಸಾಲುಗಳನ್ನು ಬರೆದಿಟ್ಟಿದ್ದ ವಹಿಗಳನ್ನೂ ತರಿಸಿ ನೋಡಿದರು. ಆಮೇಲೆ ಹೆಡ್ಮಾಸ್ತರರನ್ನೂ ಕರೆಸಿ ಎಲ್ಲರನ್ನೂ ಕೂಡಿಸಿದರು.

"ಉರಿದಷ್ಟು ಇಂಧನ ಕಳದು ನೌಕಾ ಹಗುರಾಗಬೇಕು. ಆ ಲೆಕ್ಕ ಅರವತ್ತನೇ ಸಾಲಿನ್ಯಾಗಿತ್ತಂತ ಮುನವ್ವರಾನ ವಹಿ ಹೇಳತೈತಿ. ಈಗ ಅಲ್ಲಿ ಹೆಸರು ಕುಂತೈತಿ. ಅದೇ ನಂಬರಿನ್ಯಾಗ ಹೊಸಾದು ಬರದ್ರ ಹಳೇದು ಅಳಸಿ ಹೋಗತೈತಿ. ಹಗುರಾಗದ ನೌಕಾಕ್ಕ ಇಂಧನ ಹಾಕಿದಷ್ಟೂ ಭಾರಾನ. ಅದಕ್ಕ ಮಧ್ವೇಶ ರಿಪೇರಿ ಮಾಡಿದಷ್ಟೂ ಜೋರ ಬಿತ್ತು."

"ಬರದವರು ಯಾರ್ರೀ?" ಎಂದ ದಸ್ತಗೀರಸಾಬ.

"ಬಾಗಿಲ ಹಲಗ್ಯಾಗ ಹೆಸರಿನ ನಡುವ ಡಬ್ಲ್ಯು ಐತಿ. ಇವರಿಬ್ಬರೂ ತಮ್ಮ ವಹಿಯೊಳಗ ಆ ಹೆಸರು ಹಂಗ ಬರದಾರ. ಪರದೆ ಮ್ಯಾಲೆ ಮಾತ್ರ ವಿ. ಇನ್ನೊಂದು ಕಡೆ ವಿ ಇರೂದು ನಿಮ್ಮ ಸಹಿಯೊಳಗ, ಪರಮೇಶ್ವರಪ್ಪನವರ."

ಹೆಡ್ಮಾಸ್ತರರ ಮುಖ ಬಾಡಿತು. "ಆದಿತ್ಯವಾರ ಬಂದಿದ್ದೆ. ಪ್ರದರ್ಶನದಾಗ ನನ್ನ ಹೆಸರೂ ಇರಲಿ ಅಂತ... ಅದರಿಂದ ಕೆಡತೈತಿ ಅಂತ ಗೊತ್ತಿರಲಿಲ್ರಿ."

"ಮುಟ್ಟೇನಿ ಅನ್ನೂದು ಗೊತ್ತಿತ್ತಲ್ಲ?" ಎಂದರು ಯಮುನಾಬಾಯಿ.

ಹೆಡ್ಮಾಸ್ತರರು ಎದ್ದು ಮುನವ್ವರಾಳಿಗೆ ಕಂಪ್ಯೂಟರಿನ ಮುಂದೆ ಜಾಗ ಬಿಟ್ಟರು.

ಮುನವ್ವರಾ ಇಂಧನವನ್ನು ಎಂಟುನೂರಕ್ಕೆ ತಂದು, ಅರವತ್ತನೆಯ ಸಾಲನ್ನು ಮತ್ತೆ ಬರೆದಳು. ನೌಕೆ ಮೆತ್ತಗೆ ಇಳಿಯಿತು.

"ನಾಳೆ ಪ್ರದರ್ಶನಕ್ಕ ನೀನ ಹೋಗವಾ," ಎಂದರು ಹೆಡ್ಮಾಸ್ತರರು.

"ಹೋಗ್ತೇನಿ ಸರ್," ಎಂದಳು ಅವಳು ತಲೆಯೆತ್ತದೆ. "ಆದ್ರ ನಾಳೆ ಪ್ರಾರ್ಥನಾದಾಗ ನಾ ಇರಂಗಿಲ್ಲ. ಯಾರು ಮುಟ್ಟಿದ್ರು ಅನ್ನೂದು ನೀವ ಹೇಳ್ರಿ."

ದಸ್ತಗೀರಸಾಬನ ಎದೆ ಉಬ್ಬಿತು, ಮರುಗಳಿಗೆಯೇ ಕುಗ್ಗಿತು. ಮಧ್ಯಾಹ್ನ ಅವಳು ಅಳುತ್ತ ಮನೆಗೆ ಬಂದಾಗ, "ಖರೇ ಹೇಳು, ನೀನ ಕೆಡಿಸಿದೇನು?" ಎಂದು ತಾನೂ ಕೇಳಿದ್ದ. ಶಾಲೆಯ ಗೇಟು ದಾಟಿದ ಮೇಲೆ ಅವನು ಮಗಳ ಕೈ ಹಿಡಿದು ನಿಲ್ಲಿಸಿದ. ಹೆಡ್ಮಾಸ್ತರರು ನಾಳೆ ಹೇಳಬೇಕಾದುದನ್ನು ಅವನು ಅಲ್ಲೇ, ಬೀದಿಯ ನಡುವೆ, ಹೇಳಿದ: "ತಪ್ಪು ನಂದವಾ."