ಅಪ್ಪನ ಕೆಮ್ಮು

"ಮಿಸ್, ಜಾಬ್ ಅಂದ್ರೂ ಕೆಲಸ, ವರ್ಕ್ ಅಂದ್ರೂ ಕೆಲಸ. ಮತ್ತೆ ಎರಡೆರಡು ಯಾಕೆ?" ಎಂದು ಚೋಟಿ ಕೇಳಿದಳು.

ಕೇಳಬಾರದಿತ್ತು. ಇಂಗ್ಲಿಷ್ ಮಿಸ್ ಸೀಮೆಸುಣ್ಣ ಕೆಳಗಿಟ್ಟರು.

"ಜಾಬ್ ಅಂದ್ರೆ ನೌಕರಿ, ಸಂಬಳ ಕೊಡ್ತಾರೆ. ವರ್ಕ್ ಅಂದ್ರೆ ನಾವು ಮಾಡೋ ಕೆಲಸ, ನೌಕರಿ ಇರಲಿ ಬಿಡಲಿ. ನಾಳೆ ಎಲ್ಲರೂ ನಿಮ್ಮ ನಿಮ್ಮ ಅಪ್ಪನ ಬಗ್ಗೆ ಎರಡು ವಾಕ್ಯ ಹೇಳ್ಬೇಕು, ಒಂದರಲ್ಲಿ ಜಾಬ್, ಇನ್ನೊಂದರಲ್ಲಿ ವರ್ಕ್. ಚೋಟಿ, ನೀನೇ ಫಸ್ಟ್."

ಚೋಟಿಯ ಅಪ್ಪ ಲಿಫ್ಟ್ ಮೆಕ್ಯಾನಿಕ್. ಅಂದರೆ, ಹೋದ ತಿಂಗಳವರೆಗೆ. ಆಮೇಲೆ ಕಂಪನಿ ಬಾಗಿಲು ಹಾಕಿತು. "ಯಾರಾದ್ರೂ ಕೇಳಿದ್ರೆ ಅಪ್ಪ ರಜೆ ಮೇಲಿದ್ದಾರೆ ಅನ್ನು" ಎಂದು ಅಪ್ಪನೇ ಹೇಳಿಕೊಟ್ಟಿದ್ದರು.

ಈ ರಜೆಯಲ್ಲಿ ಅಪ್ಪನಿಗೆ ಪುರುಸೊತ್ತೇ ಇರಲಿಲ್ಲ. ಮೊದಲು ಮನೆಯಲ್ಲಿ ಕೆಟ್ಟಿದ್ದನ್ನೆಲ್ಲ ರಿಪೇರಿ ಮಾಡಿದರು. ಆಮೇಲೆ ಕೆಡದೇ ಇದ್ದದ್ದನ್ನೂ ರಿಪೇರಿ ಮಾಡಿದರು. ಫ್ಯಾನು ಈಗಲೂ ತಿರುಗುತ್ತದೆ, ಸದ್ದು ಮಾತ್ರ ಹೊಸದು. ಅಷ್ಟರಲ್ಲಿ ಅಕ್ಕಪಕ್ಕದವರು ಬೀಗ, ಮಿಕ್ಸಿ ಹಿಡಿದುಕೊಂಡು ಬರತೊಡಗಿದರು. "ರಜೆ ಇನ್ನೂ ಮುಗಿದಿಲ್ವಾ?" ಎಂದು ಯಾರಾದರೂ ಕೇಳಿದರೆ ಸಾಕು, ಅಪ್ಪನಿಗೆ ಕೆಮ್ಮು ಬರುತ್ತಿತ್ತು. ಪಾಪ ಎಂದು ಚೋಟಿ ಅಪ್ಪ ಕೂರುವ ಕಿಟಕಿಯ ಬಳಿ ಕೆಮ್ಮಿನ ಸಿರಪ್ ಬಾಟಲಿ ತಂದಿಟ್ಟಿದ್ದಳು.

ಮರುದಿನ ಚೋಟಿ ಎದ್ದು ನಿಂತಳು. ರಜೆಯ ವಾಕ್ಯ ಬಾಯಿಪಾಠವಾಗಿತ್ತು. ಆದರೆ ಅದರಲ್ಲಿ ಜಾಬೂ ಇರಲಿಲ್ಲ, ವರ್ಕೂ ಇರಲಿಲ್ಲ. ಮಿಸ್ ಒಪ್ಪುವುದಿಲ್ಲ.

"ಮೈ ಫಾದರ್ ಹ್ಯಾಸ್ ನೋ ಜಾಬ್," ಎಂದಳು. "ಹಿ ಹ್ಯಾಸ್ ಎ ಲಾಟ್ ಆಫ್ ವರ್ಕ್."

ಹಿಂದಿನ ಬೆಂಚಿನವರು ಕತ್ತೆತ್ತಿ ನೋಡಿದರು.

"ಎರಡೂ ಸರಿ. ಕೂತ್ಕೋ" ಎಂದರು ಮಿಸ್.

ಸಂಜೆ ಅಪ್ಪ ಎದುರುಮನೆ ಆಂಟಿಯ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು. ಚೋಟಿಗೆ ಭಯವಾಗಿತ್ತು. ಆದರೂ ನಡೆದದ್ದನ್ನೆಲ್ಲ ಒಪ್ಪಿಸಿದಳು.

ಸ್ಕ್ರೂಡ್ರೈವರ್ ನಿಂತಿತು.

"ಎರಡನೇದು ಇನ್ನೊಂದ್ಸಲ ಹೇಳು," ಎಂದರು ಅಪ್ಪ.

ಹೇಳಿದಳು. ಅಪ್ಪ ಕೊನೆಯ ಸ್ಕ್ರೂ ಬಿಗಿದರು.

ಅಷ್ಟರಲ್ಲಿ ಆಂಟಿ ಬಂದರು. "ಆಯ್ತಾ? ಅಂದ ಹಾಗೆ, ರಜೆ ಇನ್ನೂ ಎಷ್ಟು ದಿನ?"

ಚೋಟಿ ಕೆಮ್ಮಿಗಾಗಿ ಕಾದಳು. ಬರಲಿಲ್ಲ.

"ರಜೆ ಅಲ್ಲಮ್ಮ, ಕೆಲಸ ಹೋಯ್ತು. ಕಂಪನಿ ಮುಚ್ಚಿಬಿಟ್ರು," ಎಂದರು ಅಪ್ಪ. "ನಿಮ್ಮ ಪೆಟ್ಟಿಗೆ ಸರಿಹೋಗಿದೆ, ತಗೊಳ್ಳಿ."

"ಗೊತ್ತು ಬಿಡಿ," ಎಂದರು ಆಂಟಿ. "ನಾಳೆ ಗ್ರೈಂಡರ್ ತರ್ತೀನಿ."

ಅಪ್ಪ ನಕ್ಕರು. ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕರು.

ಚೋಟಿ ಎದ್ದು ಹೋಗಿ, ಸಿರಪ್ ಬಾಟಲಿಯನ್ನು ಕಪಾಟಿನ ಒಳಗಿಟ್ಟಳು.