ಹತ್ತೊಂಬತ್ತನೇ ಚೌಕಟ್ಟು

ಬೆಳಿಗ್ಗೆ 9.40ಕ್ಕೆ ಗ್ರಂಥಾಲಯದ ಮೇಲ್ವಿಚಾರಕಿ ಠಾಣೆಗೆ ಬಂದು ದೂರು ಕೊಟ್ಟರು. ಕಡಲು ದಡವನ್ನು ತಿನ್ನುತ್ತ ಬಂದ ನಲವತ್ತು ವರ್ಷಗಳ ಫೋಟೋ ಪ್ರದರ್ಶನ ಸಂಜೆ ನಾಲ್ಕಕ್ಕೆ ಶುರುವಾಗಬೇಕು. ಹತ್ತೊಂಬತ್ತನೇ ಫೋಟೋ ಕಾಣೆ. ಎಫ್‌ಐಆರ್ ದಾಖಲಾಯಿತು. ಒಂದು ಫೋಟೋಗೆ ಇಷ್ಟೊಂದು ರಂಪವೇ ಎಂದುಕೊಂಡೇ ಇನ್ಸ್‌ಪೆಕ್ಟರ್ ಜೀಪು ಹತ್ತಿದರು.

ಸಭಾಂಗಣ ನೋಡಿದ ಮೇಲೆ ಆ ಉಡಾಫೆ ಇಳಿಯಿತು. ಬಾಗಿಲ ಬೀಗ ಒಡೆದಿರಲಿಲ್ಲ. ಚೌಕಟ್ಟು ಗೋಡೆಯಲ್ಲೇ ಇತ್ತು, ಒಳಗೆ ಬರೀ ರಟ್ಟು. ಹಿಂಬದಿಯ ಎಂಟು ಮೊಳೆಗಳನ್ನೂ ಕಿತ್ತು, ಮತ್ತೆ ಅದೇ ತೂತುಗಳಿಗೆ ನೀಟಾಗಿ ಹೊಡೆದಿದ್ದರು.

"ಕದಿಯೋಕೆ ಬಂದವನಿಗೆ ಇಷ್ಟು ಪುರಸೊತ್ತಾ ಸಾರ್?" ಎಂದ ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೆಬಲ್.

"ಪುರಸೊತ್ತಲ್ಲಯ್ಯ, ಅಭ್ಯಾಸ." ಇನ್ಸ್‌ಪೆಕ್ಟರ್ ಮೇಲ್ವಿಚಾರಕಿಯ ಕಡೆ ತಿರುಗಿದರು. "ಚೌಕಟ್ಟು ಕಟ್ಟಿದ್ದು ಯಾರು ಮೇಡಂ?"

"ಸ್ಟುಡಿಯೋ ಯಜಮಾನ್ರು. ತಾವು ತೆಗೆದ ಹಳೇ ನೆಗೆಟಿವ್ ಡಬ್ಬಿ ಕೊಟ್ಟಿದ್ದೂ ಅವರೇ. ಬೀಗದ ಕೈ ಒಂದು ಅವರ ಹತ್ರಾನೂ ಇದೆ."

"ಆ ಫೋಟೋದಲ್ಲಿ ಏನಿತ್ತು?"

"ಕಡಲಿಗೆ ಕುಸಿಯೋಕೆ ಶುರುವಾದ ಮನೆ. ನಿನ್ನೆ ದೊಡ್ಡದು ಮಾಡಿಸಿದ್ಮೇಲೆ ಜಗುಲಿಲಿ ಒಬ್ಬ ಗಂಡಸು ನಿಂತಿರೋದು ಕಾಣ್ತು. ಯಜಮಾನ್ರ ಅಕ್ಕನ ಮನೆ ಅದು. ನಿಂತಿರೋದು ಅವರ ಭಾವ, ಮನೆ ಜೊತೇಲೇ ಹೋಗ್ಬಿಟ್ರು. ಇವತ್ತು ಉದ್ಘಾಟನೆ ಮಾಡೋದೂ ಆ ಅಕ್ಕನೇ. ಪಾಪ, ಯಜಮಾನ್ರು ಆವತ್ತು ಊರಲ್ಲೇ ಇರ್ಲಿಲ್ಲವಂತೆ."

"ಊರಲ್ಲಿ ಇಲ್ಲದವರು ಫೋಟೋ ಹೇಗೆ ತೆಗೆದ್ರು?"

ಮೇಲ್ವಿಚಾರಕಿ ಖಾಲಿ ಚೌಕಟ್ಟಿನ ಕಡೆ ತಿರುಗಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. 12.15ಕ್ಕೆ ಸ್ಟುಡಿಯೋ ಮುಂದೆ ಜೀಪು ನಿಂತ ಸದ್ದಿಗೇ ಯಜಮಾನರ ಕಣ್ಣು ಮೇಜಿನ ಡ್ರಾಯರ್ ಕಡೆ ಹೋಯಿತು. ಸುತ್ತಿಟ್ಟ ಫೋಟೋವನ್ನು ತಾವೇ ತೆಗೆದುಕೊಟ್ಟರು.

"ಹರಿದು ಹಾಕಬಹುದಿತ್ತಲ್ಲ?"

"ಭಾವನ ಮುಖ ಹೇಗೆ ಹರೀಲಿ ಸಾರ್? ಇದು ಆ ಡಬ್ಬೀಲಿ ಇರೋದು ಮರ್ತೇ ಹೋಗಿತ್ತು. ಅಕ್ಕನಿಗೆ ಮಾತ್ರ ಹೇಳ್ಬೇಡಿ."

ಕೈಗೆ ಕೋಳ ಹಾಕಲಿಲ್ಲ. ಬಂಧನದ ಸಮಯ 12.30 ಎಂದು ನಮೂದಾಯಿತು.

ಆದರೆ ಸುದ್ದಿಗೆ ಕಾಲಿದೆ. 3.10ಕ್ಕೆ, ಉದ್ಘಾಟನೆಗೆಂದು ಉಟ್ಟ ಸೀರೆಯಲ್ಲೇ ಅಕ್ಕ ಠಾಣೆಯೊಳಗೆ ಬಂದರು. ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಫೋಟೋವನ್ನು ಮಗುಚಿ ಹಾಕಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಸಾಕ್ಷ್ಯ ಮುಚ್ಚಿಟ್ಟದ್ದು ಅದೇ ಮೊದಲು.

"ನೀನು ಅಲ್ಲೇ ಇದ್ಯೇನೋ?" ಬೆಂಚಿನ ಮೇಲಿದ್ದ ತಮ್ಮನನ್ನು ಕೇಳಿದರು.

"ಇದ್ದೆ ಅಕ್ಕ." ಮಡಿಲಲ್ಲಿ ಕಟ್ಟಿಕೊಂಡಿದ್ದ ಕೆಂಡವನ್ನು ಮೂವತ್ತೊಂದು ವರ್ಷಗಳ ಮೇಲೆ ಅವರು ಕೆಳಗಿಟ್ಟರು. "ಭಾವ ಹೊರಗೆ ಬರ್ತಾ ಇದ್ರು. ಅಲ್ಲಾಡ್ಬೇಡಿ ಭಾವ, ಒಂದೇ ನಿಮಿಷ ಅಂದೆ. ಅವರು ಅಲ್ಲಾಡ್ಲಿಲ್ಲ."

ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿದ. ಅಕ್ಕ ಫೋಟೋ ತಿರುಗಿಸಿಕೊಂಡು, ನಿಂತಲ್ಲೇ ನಿಂತಿದ್ದ ಗಂಡನನ್ನು ನೋಡುತ್ತ ಕೂತರು. ನಾಲ್ಕು ಹೊಡೆಯಿತು. ತಮ್ಮನ ಕಡೆ ಅವರು ತಲೆ ಎತ್ತಲೇ ಇಲ್ಲ.