ಪೆಟ್ಟಿಗೆಯ ಹಿಂದಿನ ಬೆಕ್ಕು

"ಬೆಕ್ಕೆಲ್ಲಿ?" ಎಂದಳು ಮಿಸ್.

"ಹಿಂದಿದೆ," ಎಂದ ಬಣ್ಣದವನು, ಕುಂಚದಿಂದ ಕಣ್ಣೆತ್ತದೆ.

ಮಿಸ್ ಗೋಡೆಯನ್ನು ಇನ್ನೊಮ್ಮೆ ನೋಡಿದಳು. ಗೋಡೆಯ ಮೇಲೊಂದು ಪೆಟ್ಟಿಗೆಯಿತ್ತು. ಬಲು ಚೆಂದದ ಕೆಂಪು ಪೆಟ್ಟಿಗೆ. ಮೂಲೆಗಳಿಗೆ ನೆರಳು ಕೊಟ್ಟು, ಮುಚ್ಚಳಕ್ಕೆ ಹಿತ್ತಾಳೆಯ ಚಿಲಕವನ್ನೂ ಬರೆದಿದ್ದ. ಬೆಕ್ಕು ಮಾತ್ರ ಇರಲಿಲ್ಲ. ಬಾಲವಿಲ್ಲ, ಕಿವಿಯಿಲ್ಲ, ಮೀಸೆಯ ಒಂದೆಳೆಯೂ ಇಲ್ಲ.

ಐದು ವರ್ಷದ ಮಕ್ಕಳ ತರಗತಿ ಅದು. ಯಾವುದು ಎಲ್ಲಿದೆ ಎಂದು ಹೇಳುವ ಪುಟಾಣಿ ಇಂಗ್ಲಿಷ್ ಪದಗಳನ್ನು ಮಿಸ್ ವರ್ಷಾವರ್ಷ ಒಂದು ರಟ್ಟಿನ ಪೆಟ್ಟಿಗೆ, ಒಂದು ಬಟ್ಟೆಯ ಬೆಕ್ಕು ಇಟ್ಟುಕೊಂಡು ಕಲಿಸುತ್ತಿದ್ದಳು. ಬೆಕ್ಕನ್ನು ಒಳಗಿಟ್ಟರೆ ಮಕ್ಕಳು "ಇನ್" ಎಂದು ಕೂಗಬೇಕು, ಮೇಲಿಟ್ಟರೆ "ಆನ್", ಕೆಳಗೆ ತುರುಕಿದರೆ "ಅಂಡರ್". ಅಷ್ಟೊಂದು ಮಕ್ಕಳ ಪ್ರೀತಿ ತಡೆಯಲಾರದೆ ಈ ವರ್ಷ ಬೆಕ್ಕಿನ ಹೊಟ್ಟೆ ಒಡೆದು ಹತ್ತಿ ಹೊರಗೆ ಬಂತು. "ಎಷ್ಟು ಸಲ ಅಂತ ಹೊಲೀತೀಯಾ? ಗೋಡೆ ಮೇಲೇ ಬರೆಸಿಬಿಡೋಣ. ಗೋಡೆ ಹರಿಯಲ್ಲ," ಎಂದರು ಹೆಡ್‌ಮಿಸ್. ಹಾಗೆ ಬಂದವನು ಈ ಬಣ್ಣದವನು. ಅಂಗಡಿಗಳ ಬೋರ್ಡು ಬರೆದು ಬದುಕುವವನು. ತರಗತಿಯ ಹಿಂಬದಿಯ ಉಗ್ರಾಣದ ಕೋಣೆಯಲ್ಲಿ ಡಬ್ಬಿ, ಕುಂಚ ಇಟ್ಟುಕೊಂಡಿದ್ದ. ಒಳಗೆ, ಮೇಲೆ, ಕೆಳಗೆ, ಮೂರು ಹಳದಿ ಬೆಕ್ಕುಗಳನ್ನು ಮಿಸ್ಸಿನ ಮನಸ್ಸು ಕರಗುವಷ್ಟು ಮುದ್ದಾಗಿ ಬರೆದವನು ನಾಲ್ಕನೆಯದಕ್ಕೆ ಹೀಗೆ ಕೈಕೊಟ್ಟಿದ್ದ.

"ಹಿಂದೆ ಅಂದ್ರೆ ಕಿವಿನಾದ್ರೂ ಕಾಣಬೇಕಲ್ವಾ? ಮಕ್ಕಳಿಗೆ ಗೊತ್ತಾಗೋದು ಹೇಗೆ?"

"ಪೆಟ್ಟಿಗೆ ದೊಡ್ಡದು, ಬೆಕ್ಕು ಸಣ್ಣದು. ಹಿಂದೆ ಕೂತ್ರೆ ಹೇಗೆ ಕಾಣತ್ತೆ ಮಿಸ್?"

"ಬರೆಯಕ್ಕೆ ಸೋಮಾರಿತನ ಅಂತ ಹೇಳಿ."

"ಸೋಮಾರಿ ಆಗಿದ್ರೆ ಚಿಲಕ ಬರೀತಿದ್ನಾ?"

ಮಿಸ್‌ಗೆ ಕೋಪ ಮೂಗಿನ ತುದಿಯಲ್ಲೇ. ಇವನ ಬಾಯಿ ಮುಚ್ಚಿಸಲೆಂದೇ ಮಕ್ಕಳ ಕಡೆ ತಿರುಗಿ, "ವೇರ್ ಈಸ್ ದ ಕ್ಯಾಟ್?" ಎಂದು ಕೇಳಿದಳು.

"ಬಿಹೈಂಡ್ ದ ಬಾಕ್ಸ್!" ಇಡೀ ತರಗತಿ ಸೂರು ಹಾರುವಂತೆ ಕೂಗಿತು. ಒಂದು ಮಗುವೂ ಅನುಮಾನಿಸಲಿಲ್ಲ. ಎಲ್ಲರೂ ಗುಬ್ಬಿ ಎಂದು ಕರೆಯುವ ಚೋಟುದ್ದದ ಹುಡುಗಿಯೊಬ್ಬಳು ಎದ್ದು ಬಂದು ಪೆಟ್ಟಿಗೆಗೆ ಕಿವಿ ಹಚ್ಚಿ ನಿಂತಳು.

"ಅಂಕಲ್, ಅದಕ್ಕೆ ಉಸಿರು ಕಟ್ಟಲ್ವಾ?"

ಬಣ್ಣದವನು ಅವಳೆದುರು ಮಂಡಿಯೂರಿ ಕೂತ. "ಹಿಂದ್ಗಡೆ ಬೇಕಾದಷ್ಟು ಜಾಗ ಇದೆ ಪುಟ್ಟಿ. ಆರಾಮಾಗಿದೆ." ಅಷ್ಟು ಗಂಭೀರವಾಗಿ ಹೇಳಿದ ಅವನ ಮುಖ ನೋಡಿ ಮಿಸ್‌ಗೆ ನಗು ಬಂತು. ಸೋತವರು ನಗಬಾರದೆಂದು ತುಟಿ ಕಚ್ಚಿಕೊಂಡಳು.

"ಕೊನೇ ದಿನ ಬಾಲ ಬರೆದೇ ಹೋಗಬೇಕು," ಎಂದಳು.

"ಆಯ್ತು ಮಿಸ್. ಅವತ್ತೂ ಬೇಕು ಅನ್ಸಿದ್ರೆ."

ಐದನೆಯ ಚಿತ್ರಕ್ಕೆ ಕೈ ಹಾಕುವಷ್ಟರಲ್ಲಿ ತಿಳಿ ಹಳದಿ ಬಣ್ಣದ ಡಬ್ಬಿ ಮುಗಿದಿತ್ತು. ಹೊಸದಾಗಿ ತಂದದ್ದು ಕಡು ಹಳದಿ. ಅಲ್ಲಿಂದಾಚೆಯ ಬೆಕ್ಕುಗಳೆಲ್ಲ ಕೊಂಚ ಕಪ್ಪಾದವು. "ಬಿಸಿಲಲ್ಲಿ ಆಡಕ್ಕೆ ಹೋಗಿತ್ತು," ಎಂದು ಮಕ್ಕಳೇ ಅದಕ್ಕೊಂದು ಕಾರಣ ಹುಡುಕಿಕೊಂಡರು.

ಬಣ್ಣದವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಚಿತ್ರ ಒಣಗುವವರೆಗೆ ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ, ಮಂಡಿ ಗಲ್ಲಕ್ಕೆ ತಾಗುವಂತೆ ಕೂತು ಪಾಠ ಕೇಳುತ್ತಿದ್ದ. ಮಕ್ಕಳು ಮನೆಗೆ ಹೋದ ಮೇಲೆ ಅವನ ಅನುಮಾನಗಳು ಶುರುವಾಗುತ್ತಿದ್ದವು. ನಿಜವಾದ ಅನುಮಾನ ಎಷ್ಟು, ನೆಪ ಎಷ್ಟು ಎಂದು ಮಿಸ್ ಲೆಕ್ಕ ಹಾಕಲು ಹೋಗಲಿಲ್ಲ.

"ನಿಯರ್, ನೆಕ್ಸ್ಟ್ ಟು. ಎರಡೂ ಒಂದೇ ಅಲ್ವಾ?"

"ಹೇಗೆ ಒಂದೇ ಆಗತ್ತೆ?" ಮಿಸ್ ತನ್ನ ಕುರ್ಚಿಯನ್ನು ಅವನತ್ತ ಸ್ವಲ್ಪ ಎಳೆದಳು. "ಇದು ನಿಯರ್."

"ಮತ್ತೆ ಇನ್ನೊಂದು?"

ಅವಳು ಕುರ್ಚಿಯ ಕೈ ಹಿಡಿದವಳು ಹಾಗೇ ನಿಂತಳು. ಪಾಠ ಎಂದರೆ ಪಾಠ. ಇನ್ನಷ್ಟು ಎಳೆದು ಅವನ ಪಕ್ಕದಲ್ಲೇ ಕೂತಳು. ಅವನ ಅಂಗಿಯಿಂದ ಟರ್ಪೆಂಟೈನ್ ವಾಸನೆ ಬರುತ್ತಿತ್ತು. ಆ ವಾಸನೆಗೆ ಅವಳಿಗೆ ಯಾವಾಗಲೂ ತಲೆನೋವು, ಅವತ್ತು ಬರಲಿಲ್ಲ.

"ಈಗ ಗೊತ್ತಾಯ್ತು," ಎಂದ ಅವನು. "ನಾಳೆ ಮರೆತೋಗತ್ತೆ. ಮತ್ತೆ ಹೇಳಿಕೊಡ್ಬೇಕು."

ಎಲ್ಲಕ್ಕಿಂತ ಕಷ್ಟದ ಪಾಠ ಇನ್ನೊಂದಿತ್ತು. ನಮ್ಮ ಮಾತಿನಲ್ಲಿ ಟೋಪಿಯೂ ತಲೆಯ ಮೇಲೆ, ಫ್ಯಾನೂ ತಲೆಯ ಮೇಲೆ. ಇಂಗ್ಲಿಷಿಗೆ ಅದು ಒಗ್ಗುವುದಿಲ್ಲ. ಪ್ರತಿ ವರ್ಷ ಅರ್ಧ ತರಗತಿ ಫ್ಯಾನನ್ನು ತಲೆಗೆ ಹಾಕಿಕೊಂಡು ಬರುತ್ತಿತ್ತು. ಮಿಸ್ ಅದಕ್ಕೊಂದು ಉಪಾಯ ಮಾಡಿದ್ದಳು: ತಾಗಿದರೆ ಆನ್, ತಾಗದಿದ್ದರೆ ಅಬವ್.

ಸಂಜೆ ಬಿಸಿಲು ಮೇಜಿನ ಮೇಲೆ ಬಿದ್ದಿದ್ದ ಹೊತ್ತಿನಲ್ಲಿ ಅವನು ಮೇಜಿನ ಮೇಲಿದ್ದ ಅವಳ ಕೈಯ ಮೇಲಕ್ಕೆ ತನ್ನ ಕೈ ತಂದ. ತಾಗಿಸಲಿಲ್ಲ. ಮಧ್ಯೆ ಒಂದು ಕಾಗದ ತೂರುವಷ್ಟು ಜಾಗ ಬಿಟ್ಟು ಹಿಡಿದ.

"ಇದೇನು ಮಿಸ್?"

"ಅಬವ್," ಎಂದಳು. ಕೈ ಸರಿಸಲಿಲ್ಲ. ಅವನ ಅಂಗೈಯ ಶಾಖ ಮಾತ್ರ ಅವಳ ಕೈಗೆ ಚೆನ್ನಾಗಿ ತಿಳಿಯುತ್ತಿತ್ತು.

ಅವನು ಕೈ ತೆಗೆದುಕೊಂಡ. ಕುಂಚ ತೊಳೆಯುತ್ತ, ಬೆನ್ನು ಹಾಕಿಕೊಂಡೇ ಹೇಳಿದ: "ನಂಗೆ ಮದುವೆ ಆಗಿದೆ. ಅವಳು ಬಿಟ್ಟು ಹೋಗಿ ಸುಮಾರು ವರ್ಷ ಆಯ್ತು. ಬೇರೆಯವರ ಜೊತೆ ಇದಾಳೆ. ಕೋರ್ಟಲ್ಲಿ ಕೊನೇ ಸಹಿ ಒಂದು ಬಾಕಿ. ಅಲ್ಲಿವರೆಗೂ ನಾನು ಯಾರಿಗೂ ಏನೂ ಹೇಳೋ ಹಾಗಿಲ್ಲ."

"ನಾನೇನು ಕೇಳಿದ್ನಾ?"

"ಕೇಳ್ಲಿಲ್ಲ. ಅದಕ್ಕೇ ಹೇಳ್ದೆ."

ಮಿಸ್ ಇದ್ದದ್ದು ಅಕ್ಕನ ಮನೆಯಲ್ಲಿ. ತಂಗಿ ಎರಡು ಸಲ ತಲೆ ಬಾಚುವುದನ್ನೂ, ಹಳೆಯ ಸೀಮೆಸುಣ್ಣದ ಚೀಲಕ್ಕೆ ಹೊಸ ದಾರ ಹಾಕುವುದನ್ನೂ ಅಕ್ಕ ನೋಡುತ್ತಲೇ ಇದ್ದಳು.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತಂತೆ," ಎಂದಳು ಅಕ್ಕ. "ಜಗತ್ತಿಗೇನು ಕುರುಡಾ?"

"ಯಾವ ಬೆಕ್ಕು?"

"ನಮ್ಮನೇದೇ. ಯಾರವನು?"

ಮಿಸ್ ಹೇಳಿದಳು. ಸಹಿಯ ಮಾತನ್ನೂ ಬಚ್ಚಿಡಲಿಲ್ಲ. ಅಕ್ಕ ಮಡಿಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, "ಸಹಿ ಆಗ್ಲಿ. ಆಮೇಲೆ ಊಟಕ್ಕೆ ಕರಿ," ಎಂದಳು. ಮದುವೆಯ ಮಾತೇ ಎತ್ತದೆ ವರ್ಷಗಳಾಗಿದ್ದ ತಂಗಿ ಆ ರಾತ್ರಿ ಎರಡು ಕುರ್ಚಿಗಳ ಒಂದು ಮನೆಯನ್ನು ಮನಸ್ಸಿನಲ್ಲೇ ಜೋಡಿಸಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ತನ್ನನ್ನು ತಾನೇ ಬೈದುಕೊಂಡಳು. ಆದರೂ ಆ ಮನೆಯ ಕಿಟಕಿಗೊಂದು ಪರದೆ ಹಾಕದೆ ಬಿಡಲಿಲ್ಲ.

ಕೆಲಸ ಮುಗಿಯುವ ದಿನ ಬಂತು. ಅವನು ಬಂದಾಗ ಮಕ್ಕಳು ಹೊರಟುಹೋಗಿದ್ದರು. ಕೈಯಲ್ಲಿ ಕುಂಚವಿರಲಿಲ್ಲ, ಹೆಗಲಲ್ಲಿ ಬಟ್ಟೆಯ ಚೀಲವಿತ್ತು. ಅದನ್ನು ನೋಡಿ ಅವಳು ಸೀಮೆಸುಣ್ಣ ಕೆಳಗಿಟ್ಟಳು.

"ಆಸ್ಪತ್ರೆಯಿಂದ ಫೋನ್ ಬಂತು," ಎಂದ. "ಅವಳು ಮೆಟ್ಟಿಲಿಂದ ಬಿದ್ದಿದಾಳೆ. ಬೆನ್ನುಮೂಳೆ. ಎರಡೂ ಕಾಲು ಇನ್ನು ಬರಲ್ವಂತೆ. ಜೊತೆಗಿದ್ದೋನು ಅವತ್ತೇ ಎದ್ದು ಹೋದ. ಯಾರನ್ನ ಕರೀಬೇಕು ಅಂತ ಕೇಳಿದ್ದಕ್ಕೆ ಅವಳು ನನ್ನ ಹೆಸರು ಹೇಳಿದ್ಲಂತೆ."

"ಬಿಟ್ಟು ಹೋದೋಳು ಅವಳು!"

"ಹೌದು."

"ಬಿಟ್ಟು ಹೋದೋಳಿಗೆ ನೀವಿದೀರ. ಬಿಟ್ಟು ಹೋಗದೇ ಇರೋಳಿಗೆ ಯಾರು?"

ಅವನು ಪುಟ್ಟ ಕುರ್ಚಿಯಲ್ಲಿ ಕುಸಿದು ಕೂತ. "ಅದಕ್ಕೆ ಉತ್ತರ ಇಲ್ಲ ಮಿಸ್. ಇದ್ದಿದ್ರೆ ನಿನ್ನೆ ನಿದ್ದೆ ಬಂದಿರೋದು."

"ನರ್ಸ್ ಇಡಿ. ಯಾರಾದ್ರೂ ಸಂಬಂಧಿಕರಿಗೆ ಹೇಳಿ." ಹೇಳುವಾಗಲೇ ತನ್ನ ಮಾತು ತನಗೇ ಕಹಿಯಾಯಿತು. ಆದರೂ ಹೇಳಿದಳು. ಪ್ರೀತಿ ಇದ್ದಲ್ಲಿ ಮನಸ್ಸು ದೊಡ್ಡದಾಗುತ್ತದೆ ಎನ್ನುವವರು ಕಳೆದುಕೊಳ್ಳುವ ಗಳಿಗೆಯಲ್ಲಿ ಅದು ಎಷ್ಟು ಚಿಕ್ಕದಾಗುತ್ತದೆಂದು ನೋಡಿರಲಿಕ್ಕಿಲ್ಲ.

"ಯಾರೂ ಇಲ್ಲ. ಇದ್ದಿದ್ರೆ ನನ್ನ ಹೆಸರು ಹೇಳೋಷ್ಟು ನಾಚಿಕೆ ಬಿಡ್ತಿರ್ಲಿಲ್ಲ ಅವಳು."

"ನಾನು ಕಾಯ್ತೀನಿ."

"ಬೇಡಿ." ಅವನು ಮೊದಲ ಸಲ ತಲೆಯೆತ್ತಿದ. ಕಣ್ಣು ಕೆಂಪಾಗಿದ್ದವು. "ಕಾಯ್ತೀನಿ ಅಂದ್ರೆ, ಅವಳು ಯಾವಾಗ ಸಾಯ್ತಾಳೆ ಅಂತ ಇಬ್ರೂ ಕಾದ ಹಾಗಾಗತ್ತೆ. ಹಾಗೆ ಕಾದುಕೊಂಡು ನಾನು ಅವಳಿಗೆ ಊಟ ಮಾಡ್ಸಕ್ಕಾಗಲ್ಲ."

ಗೋಡೆಯ ಮೇಲಿನ ಬೆಕ್ಕುಗಳೆಲ್ಲ ಆಕಳಿಸುತ್ತಿದ್ದವು, ನಿದ್ರಿಸುತ್ತಿದ್ದವು. ಒಂದಕ್ಕೂ ಏನೂ ತಿಳಿದಿರಲಿಲ್ಲ.

"ನೀವಂದ್ರೆ ನಂಗೆ ಪ್ರಾಣ," ಎಂದ ಅವನು ಮೆಲ್ಲಗೆ. "ಹೇಳೋ ಹಾಗಿಲ್ಲ ಅಂತ ನಾನೇ ಅಂದಿದ್ದೆ. ಹೇಳದೇ ಹೋದ್ರೆ ಅದೂ ಒಂದು ಸುಳ್ಳೇ ಆಗತ್ತೆ."

ಅವನು ಎದ್ದು, ಮೇಜಿನ ಮೇಲಿದ್ದ ಅವಳ ಕೈಯತ್ತ ತನ್ನ ಕೈ ಚಾಚಿದ. ಅವತ್ತು ಅವನು ತಾಗಿಸುತ್ತಿದ್ದನೋ ಏನೋ. ಅವಳು ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಬಾಲ ಬರೆದು ಹೋಗಿ," ಎಂದಳು. ಅಳುವನ್ನು ತಡೆಯಲು ಅವಳಿಗೆ ಕೋಪವೊಂದೇ ಗೊತ್ತಿದ್ದ ದಾರಿ. "ಮಾತು ಕೊಟ್ಟಿದ್ರಿ. ಇಲ್ಲದೇ ಇರೋ ಬೆಕ್ಕನ್ನ ಇದೆ ಅಂತ ಎಷ್ಟು ದಿನ ಮಕ್ಕಳಿಗೆ ಸುಳ್ಳು ಹೇಳ್ಲಿ?"

"ಸುಳ್ಳಲ್ಲ ಮಿಸ್. ಬೆಕ್ಕು ಅಲ್ಲೇ ಇದೆ."

"ಈಗಲೂ ತಮಾಷೆ ಬೇಕಾ ನಿಮಗೆ?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಮುಖ ತಿರುಗಿಸಿ ನಿಂತಿದ್ದಳು. ಬಾಗಿಲಾಚೆ ಅವನ ಚಪ್ಪಲಿಯ ಸದ್ದು ಕೇಳಿಸುವವರೆಗೆ ಹಾಗೇ ನಿಂತಿದ್ದಳು. ಆಮೇಲೆ ಓಡಿ ಗೇಟಿನವರೆಗೆ ಬಂದಾಗ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಆ ರಾತ್ರಿ ಅಕ್ಕ ತಟ್ಟೆಗೆ ಬಡಿಸಿ, ಪಕ್ಕದಲ್ಲಿ ಕೂತು, ಉಂಡು ಮುಗಿಸುವವರೆಗೆ ತಂಗಿಯ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದಳು.

ದಿನಗಳು ಹೋದವು. ಮಿಸ್ ಎಲ್ಲ ಚಿತ್ರಗಳನ್ನೂ ಕಲಿಸಿದಳು, ಕೆಂಪು ಪೆಟ್ಟಿಗೆಯೊಂದನ್ನು ಬಿಟ್ಟು. ಅದರ ಹತ್ತಿರ ಬಂದಾಗಲೆಲ್ಲ ಅವಳಿಗೆ ಮೋಸ ಹೋದಂತೆನಿಸುತ್ತಿತ್ತು. ಚಂದದ ಚಿಲಕ ತೋರಿಸಿ ಏನೂ ಇಲ್ಲದ್ದನ್ನು ನಂಬಿಸಿ ಹೋದ, ತಾನೂ ಮಕ್ಕಳ ಹಾಗೆ ನಂಬಿದೆ ಎಂದು ಹಲ್ಲು ಕಚ್ಚುತ್ತಿದ್ದಳು. ಒಮ್ಮೆ ತಾನೇ ಸೀಮೆಸುಣ್ಣದಲ್ಲಿ ಪೆಟ್ಟಿಗೆಯ ಪಕ್ಕ ಒಂದು ಬಾಲ ಗೀಚಿದಳು. ಗುಬ್ಬಿ ಬಂದು ಅದನ್ನು ಫ್ರಾಕಿನ ತುದಿಯಿಂದ ಒರೆಸಿಹಾಕಿದಳು.

"ಅದು ಬಚ್ಚಿಟ್ಕೊಂಡಿದೆ ಮಿಸ್. ಬಾಲ ಹಿಡಿದು ಎಳೀಬಾರ್ದು."

ಪರೀಕ್ಷೆಗೆ ಮುಂಚೆ ಹೆಡ್‌ಮಿಸ್ ಉಗ್ರಾಣ ಖಾಲಿ ಮಾಡಿಸಲು ಹೊರಟರು. ಶಾಲೆಯ ಆಯಾ ಬೆಳಗ್ಗೆಯಿಂದ ಮುರುಕು ಬೆಂಚುಗಳನ್ನು ಎಳೆದು ಹಾಕುತ್ತಿದ್ದವಳು ತರಗತಿಯ ಬಾಗಿಲಿಗೆ ಬಂದು ನಿಂತಳು. ಕೈ ತುಂಬ ಧೂಳು.

"ಮಿಸ್, ಒಂಚೂರು ಬನ್ನಿ. ಕಬ್ಬಿಣದ ಬೀರು ಸರಿಸಿದ್ವಿ. ಅದರ ಹಿಂದೆ ಗೋಡೆ ಮೇಲೆ ಏನೋ ಇದೆ."

ಮಿಸ್ ಹೋದಳು. ತರಗತಿಗೂ ಉಗ್ರಾಣಕ್ಕೂ ನಡುವಿನ ಗೋಡೆಯದು. ಈಚೆ ಎಲ್ಲಿ ಕೆಂಪು ಪೆಟ್ಟಿಗೆ ಇತ್ತೋ, ಆಚೆ ಸರಿಯಾಗಿ ಅಲ್ಲೇ, ಮಗುವಿನ ಎತ್ತರದಲ್ಲಿ, ಪೆಟ್ಟಿಗೆಯ ಹಿಂಬದಿಯೆಂದು ಬರೆದ ಕೆಂಪು ಹಲಗೆಗೆ ಬೆನ್ನು ಕೊಟ್ಟು ಬೆಕ್ಕು ಕೂತಿತ್ತು.

ಆಕಳಿಸುತ್ತಿರಲಿಲ್ಲ, ನಿದ್ರಿಸುತ್ತಲೂ ಇರಲಿಲ್ಲ. ಬಾಲವನ್ನು ಕಾಲಿಗೆ ಸುತ್ತಿಕೊಂಡು, ಎರಡೂ ಕಣ್ಣು ತೆರೆದು, ಬರುವವರನ್ನೇ ನೋಡುತ್ತಿತ್ತು.

ತಿಳಿ ಹಳದಿ ಬೆಕ್ಕು. ಬಿಸಿಲಿಗೆ ಹೋಗುವ ಮುಂಚಿನದು.

ಆ ಬಣ್ಣವನ್ನು ಅವಳು ಹತ್ತಿರ ಹೋಗಿ ಇನ್ನೊಮ್ಮೆ ನೋಡಿದಳು. ಇದು ಹೋಗುವಾಗ ಬರೆದದ್ದಲ್ಲ. ತಾನು ಸೋಮಾರಿ ಎಂದು ಬೈದ ದಿನ, ಗುಬ್ಬಿ ಉಸಿರು ಕಟ್ಟಲ್ವಾ ಎಂದು ಕೇಳಿದ ದಿನ, ಈ ಬೆಕ್ಕು ಇಲ್ಲಿ ಆಗಲೇ ಕೂತಿತ್ತು. ಬರೆದು, ಆ ಭಾರದ ಬೀರುವನ್ನು ಒಬ್ಬನೇ ಮತ್ತೆ ಮೊದಲಿದ್ದಲ್ಲಿಗೆ ಸರಿಸಿ, ಯಾರಿಗೂ ಹೇಳದೆ ಸುಮ್ಮನಿದ್ದ. ಕೊನೆಯ ದಿನವೂ ನಿಜವನ್ನೇ ಹೇಳಿದ್ದ. ಅವನು ಹೇಳಿದ ಯಾವ ಮಾತೂ ಸುಳ್ಳಾಗಿರಲಿಲ್ಲ. ಪ್ರಾಣ ಎಂದದ್ದೂ.

ಅಂಥವನು ಹೋಗದೆ ಇರಲು ಸಾಧ್ಯವೇ ಇರಲಿಲ್ಲ ಎಂಬುದು ಅವಳಿಗೆ ಅಲ್ಲಿ ನಿಂತಾಗ ತಿಳಿಯಿತು. ತಿಳಿದದ್ದರಿಂದ ನೋವು ಕಡಿಮೆಯಾಗಲಿಲ್ಲ. ಅವಳು ಕೈ ಮುಂದೆ ಮಾಡಿದಳು. ಅವತ್ತು ಹಿಂದಕ್ಕೆಳೆದುಕೊಂಡಿದ್ದ ಅದೇ ಕೈ. ಅಂಗೈಯನ್ನು ಪೂರ್ತಿಯಾಗಿ ಬೆಕ್ಕಿನ ಮೈಗೆ ತಾಗಿಸಿ ಒತ್ತಿಹಿಡಿದಳು. ಗೋಡೆ ತಣ್ಣಗಿತ್ತು.

"ಬೀರು ವಾಪಸ್ ಇಲ್ಲೇ ಇಡ್ಲಾ?" ಆಯಾ ಕೇಳಿದಳು.

"ಬೇಡ. ಆ ಕಡೆ ಇಡಿ." ಸೆರಗಿನಿಂದ ಮುಖ ಒರೆಸಿಕೊಂಡು ತರಗತಿಯ ಬಾಗಿಲಿಗೆ ಹೋಗಿ ಕರೆದಳು: "ಎಲ್ರೂ ಸಾಲಾಗಿ ಬನ್ನಿ. ಗಲಾಟೆ ಮಾಡಬಾರ್ದು."

ಮಕ್ಕಳು ಬಂದರು. ಅವರಿಗೇನೂ ಆಶ್ಚರ್ಯವಾಗಲಿಲ್ಲ, ಇದೆ ಎಂದು ಗೊತ್ತಿದ್ದುದನ್ನು ನೋಡಲು ಬಂದವರಂತೆ ಸಮಾಧಾನದಿಂದ ನೋಡಿದರು. ಗುಬ್ಬಿ ಮಾತ್ರ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು, ಬೆಕ್ಕಿನ ಎದೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತಳು.

"ಉಸಿರಾಡ್ತಿದೆ ಮಿಸ್," ಎಂದಳು ಪಿಸುದನಿಯಲ್ಲಿ.

"ಹೌದು ಕಣೇ," ಎಂದಳು ಮಿಸ್. "ಆಡ್ತಿದೆ."